ಬಾಗಿಲಿನ ಬಿ, ಡಬ್ಬದ ಡಿ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಿಧಾನಮ್ಮ ಅಂತ. ಟೈಪಿಸ್ಟ್ ಆಗಿ ಸೇರಿದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಪಟ್ಟುಹಿಡಿದು ಕಲಿತು, ಈಗ ಮೂರನೇ ಮಹಡಿಯ ಸರ್ವರ್ ಕೋಣೆಗೆ ಯಜಮಾನಿಯಾಗಿದ್ದಳು. ಯಾರು ಏನೇ ಹೇಳಿದರೂ "ಇನ್ನೊಂದ್ಸಲ ಹೇಳಿ" ಎನ್ನುವುದು ಅವಳ ಅಭ್ಯಾಸ. ಆತುರಗಾರರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆದರೂ ಅವಳು ಕೈಯಿಟ್ಟ ಕೆಲಸ ಕೆಟ್ಟದ್ದನ್ನು ಕಂಡವರಿರಲಿಲ್ಲ.

ಅವಳ ಗಂಡ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದ. ರೋಗಿಗಳ ದಾಖಲೆ, ಎಕ್ಸ್‌ರೇ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಸ್ಟೋರೇಜ್ ಪೆಟ್ಟಿಗೆ ಅವನ ಸುಪರ್ದಿಯಲ್ಲಿತ್ತು. ಮೇಲೆ ಅವಳ ನಾಲ್ಕು ಸರ್ವರ್, ಕೆಳಗೆ ಅವನ ಸ್ಟೋರೇಜ್, ನಡುವೆ ಗಾಜಿನೆಳೆಯ ಕೇಬಲ್. "ಇವರ ಸಂಸಾರಕ್ಕೆ ಮೂರು ಮಹಡಿ ಸಾಲ್ದು" ಎಂದು ನರ್ಸ್‌ಗಳು ನಗುತ್ತಿದ್ದರು.

ಆ ವಾರ ಸರ್ವರ್‌ಗಳಲ್ಲಿದ್ದ ಹಳೆಯ ಕಾರ್ಡ್ ತೆಗೆದು, ಸ್ಟೋರೇಜ್ ಜೊತೆ ಇನ್ನೂ ಬೇಗ ಮಾತಾಡುವ ಹೊಸ ಕಾರ್ಡ್ ಹಾಕಬೇಕಿತ್ತು. ರಾತ್ರಿ ಮಾಡೋಣ ಎಂದರು ಮ್ಯಾನೇಜರು.

"ರಾತ್ರಿ ಯಾಕೆ ಸರ್? ನಾಲ್ಕೂ ಒಂದೇ ಗುಂಪು. ಒಂದು ಕೂತ್ರೆ ಅದರ ಹೊರೆ ಉಳಿದ ಮೂರು ಹೊತ್ಕೊಳ್ಳುತ್ತೆ. ಹಗಲಲ್ಲಾದ್ರೆ, ಏನಾದ್ರೂ ಎಡವಟ್ಟಾದಾಗ ಕೇಳೋಕೆ ಎಚ್ಚರವಾಗಿರೋರು ಸಿಗ್ತಾರೆ."

ಮ್ಯಾನೇಜರು ಅರೆಮನಸ್ಸಿನಿಂದ ಒಪ್ಪಿದರು.

ವಿಘ್ನ ಬಂದದ್ದು ಮನೆಯಿಂದ. ಹಿಂದಿನ ದಿನ ಗಂಡ ಅವಳನ್ನು ಒಂದು ಮಾತೂ ಕೇಳದೆ ಬೀದಿ ಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿದಿದ್ದ. ಅವಳ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಅವಳು ಕೂಗಾಡುವವಳಲ್ಲ. ಗಂಡನನ್ನು "ಸರ್" ಎನ್ನಲು ಶುರುಮಾಡುತ್ತಿದ್ದಳು. ಅದಕ್ಕಿಂತ ನಾಲ್ಕು ಬೈಗುಳವೇ ವಾಸಿ ಅನಿಸುತ್ತಿತ್ತು ಆ ಪ್ರಾಣಿಗೆ.

ಪ್ರತಿ ಹೊಸ ಕಾರ್ಡಿಗೂ ಅಂಕಿ, ಅಕ್ಷರ ಬೆರೆತ ಉದ್ದನೆಯದೊಂದು ಗುರುತು ಇರುತ್ತದೆ. ಅದನ್ನು ಮೊದಲೇ ತಿಳಿಸದಿದ್ದರೆ ಸ್ಟೋರೇಜ್ ಆ ಕಾರ್ಡನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಬೆಳಿಗ್ಗೆ ಅವಳು ಫೋನಿನಲ್ಲಿ ನಾಲ್ಕೂ ಗುರುತುಗಳನ್ನು ಬಡಬಡನೆ ಒದರಿ, "ಬರ್ಕೊಂಡ್ರಾ ಸರ್?" ಎಂದಳು. "ಹ್ಞೂಂ" ಎಂದ. ಎಂದಿನಂತೆ ಇನ್ನೊಂದ್ಸಲ ಹೇಳಿ ಎನ್ನಲು ಅವಳ ಜಂಬ ಬಿಡಲಿಲ್ಲ. ಫೋನ್ ಇಟ್ಟಳು.

ಮೊದಲ ಸರ್ವರ್ ಹೂವೆತ್ತಿದಂತೆ ಮುಗಿಯಿತು. ಎರಡನೆಯದು ಮುನಿಸಿಕೊಂಡು ಕೂತಿತು. ಕಾರ್ಡ್ ಹಾಕಿದ್ದಾಯಿತು, ಕೇಬಲ್ ಸಿಕ್ಕಿಸಿದ್ದಾಯಿತು, ಆದರೆ ಸ್ಟೋರೇಜ್ ಕಣ್ಣಿಗೇ ಬೀಳಲೊಲ್ಲದು. ಕೇಬಲ್ ತುದಿ ಒರೆಸಿದಳು, ಕಾರ್ಡ್ ಕಿತ್ತು ಮತ್ತೆ ಕೂರಿಸಿದಳು. ಊಹೂಂ.

"ನಾನು ಆಗ್ಲೇ ಬಡ್ಕೊಂಡೆ" ಎಂದು ಮ್ಯಾನೇಜರು ಕರ್ಚೀಫು ತೆಗೆದರು.

ಆಗ ಅವಳಿಗೆ ಬೆಳಗಿನ "ಹ್ಞೂಂ" ನೆನಪಾಯಿತು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದರಿಂದ ಸ್ಪೀಕರ್ ಒತ್ತಿಯೇ ಗಂಡನಿಗೆ ಫೋನ್ ಮಾಡಿದಳು.

"ಎರಡನೇ ಕಾರ್ಡಿನ ಗುರುತು ಓದಿ ಸರ್."

ಅವನು ಓದುತ್ತಾ ಬಂದ. "...ಏಳು, ಡಿ, ನಾಲ್ಕು..."

"ಡಿ ಅಲ್ಲ, ಬಿ."

"ಅದೇ, ಡಿ."

"ಬಿ ಸರ್, ಬಿ!"

"ಡಿ ಅಂತಾನೇ ತಾನೆ ನಾನೂ ಹೇಳ್ತಿರೋದು?"

"ಬಾಗಿಲಿನ ಬಿ ಕಣ್ರೀ! ಹೆಂಡ್ತೀನ ಒಂದ್ ಮಾತು ಕೇಳ್ದೆ ಗಿಳಿಹಸಿರು ಬಳಿದ್ರಲ್ಲ, ಆ ಬಾಗಿಲಿನ ಬಿ!"

ಕೆಳಗೆ ಕಾಗದ ಸರಿಸಿದ ಸದ್ದಾಯಿತು.

"ಓ, ಆ ಬಿ. ನಾನು ಡಬ್ಬದ ಡಿ ಅಂದ್ಕೊಂಡೆ. ಬಣ್ಣ ಇನ್ನೂ ಅರ್ಧ ಡಬ್ಬ ಉಳಿದಿದೆ ಕಣೇ... ಕಿಟಕಿಗೂ ಬಳಿದುಬಿಡ್ಲಾ?"

ಮ್ಯಾನೇಜರು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಭುಜ ಮಾತ್ರ ಕುಣಿಯುತ್ತಿತ್ತು. ಅವಳು ಗಂಭೀರವಾಗಿರಲು ನೋಡಿ, ಆಗದೆ, ಸರ್ವರ್‌ಗೆ ಒರಗಿಕೊಂಡು ನಕ್ಕಳು. ಅವನು ಕೆಳಗೆ ಅಕ್ಷರ ತಿದ್ದಿದ. ಮೇಲೆ ಪರದೆಯಲ್ಲಿ ಡಿಸ್ಕುಗಳು ಒಂದೊಂದಾಗಿ ಮೂಡಿಬಂದವು.

ಉಳಿದೆರಡಕ್ಕೆ ಫೋನಿನ ಸಹವಾಸವೇ ಬೇಡವೆಂದು ಗಂಡ ಮೆಟ್ಟಿಲು ಹತ್ತಿ ತಾನೇ ಬಂದ. ಅವಳು ಟಾರ್ಚ್ ಹಿಡಿದಳು, ಅವನು ಕಾರ್ಡಿನ ಮೇಲಿನ ಗುರುತನ್ನು ಮಗ್ಗಿ ಒಪ್ಪಿಸುವ ಹುಡುಗನಂತೆ ಅಕ್ಷರಕ್ಷರ ಓದಿದ. ಊಟದ ಹೊತ್ತಿಗೆ ನಾಲ್ಕೂ ಮುಗಿದಿದ್ದವು.

ಇಬ್ಬರೂ ಕೆಳಗಿಳಿದು ನೋಂದಣಿ ಕೌಂಟರಿನ ಹುಡುಗಿಯನ್ನು ವಿಚಾರಿಸಿದರು, ಬೆಳಿಗ್ಗೆಯಿಂದ ಏನಾದ್ರೂ ತೊಂದರೆ ಆಯ್ತಾ ಅಂತ.

"ಏನಿಲ್ಲ ಅಕ್ಕ. ಯಾಕೋ ಇವತ್ತು ಬಟನ್ ಒತ್ತೋದೇ ತಡ, ಎಲ್ಲಾ ಬಂದ್‌ಬಿಡುತ್ತೆ. ಮೊದಲಾದ್ರೆ ಅದು ಯೋಚನೆ ಮಾಡ್ತಾ ಕೂತಾಗ ಎರಡು ಗುಟುಕು ಟೀ ಕುಡೀತಿದ್ದೆ. ಈಗ ಅದೂ ಹೋಯ್ತು ನೋಡಿ" ಎಂದಳು ಆ ಹುಡುಗಿ, ಮುಂದಿನವರ ಚೀಟಿಗೆ ಕೈ ಚಾಚುತ್ತಾ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ಹುಡುಗಿಗೊಂದು ಟೀ ಕಳಿಸಲು ಕ್ಯಾಂಟೀನಿನ ಕಡೆ ಹೊರಟರು.