ಮಂಡಲ ಮುಗಿಯಲಿ ಎಂದೆ

ವನಜಕ್ಕ, ನಿಮ್ಮ ನಕ್ಷತ್ರಕ್ಕೆ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನಿಮ್ಮ ಕಾರಿನ ಇಂಜಿನ್ನಿನಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರಿನಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬದಲಾಯಿಸದಂತೆ ನಿಮ್ಮನ್ನು ತಡೆದವನು ನಾನು. ನಿಮ್ಮ ಯಜಮಾನರು ಸದಾಶಿವಣ್ಣ ತೀರಿಕೊಂಡು ಮೂರು ವರ್ಷವಾಗುತ್ತಾ ಬಂತು — ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ.

ಸುತ್ತಿ ಬಳಸಿ ಹೇಳುವುದು ನಮ್ಮ ವೃತ್ತಿಯ ಚಾಳಿ. ಬಂದವರು ನೇರವಾಗಿ ಕೇಳುತ್ತಾರೆ, ನಾವು ಬೆರಳು ಮಡಚಿ, ಕಣ್ಣು ಮುಚ್ಚಿ, ಪಂಚಾಂಗ ತಿರುವಿ — ಅಷ್ಟರಲ್ಲಿ ಅವರ ಮುಖದಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ನಿಮ್ಮ ವಿಷಯದಲ್ಲಿ ಆದದ್ದೂ ಹಾಗೆಯೇ.

ನೆನಪಿದೆಯಲ್ಲ, ಕುಂದಾಪುರದಿಂದ ಬಿಜೂರಿಗೆ ಹಿಂತಿರುಗುವಾಗ ಹೆದ್ದಾರಿಯ ಬದಿಯ ನನ್ನ ಗುಡಿಯ ಎದುರಿಗೇ ನಿಮ್ಮ ಕಾರು ನಿಂತುಬಿಟ್ಟಿತ್ತು. ಸುಡುವ ಬಿಸಿಲು. ಸ್ಟೇರಿಂಗಿನಲ್ಲಿ ನೀವು, ಪಕ್ಕದಲ್ಲಿ ಸದಾಶಿವಣ್ಣ, ಹಿಂದೆ ನಿಮ್ಮ ಅತ್ತೆ. ಲಾರಿಯವರು ಚಿಲ್ಲರೆ ಎಸೆದು ಕೈಮುಗಿದು ಹೋಗುವ ಗುಡಿ ನನ್ನದು. ಹೊಸ ವಾಹನಗಳಿಗೆ ಪೂಜೆ ಮಾಡಿ, ಚಕ್ರದಡಿ ಲಿಂಬೆ ಇಡುವುದೇ ನನ್ನ ಜೀವನ. ನಾನು ಹೊರಗೆ ಬಂದೆ. ತೀರ್ಥ ತಳಿದೆ, ಆರತಿ ಎತ್ತಿದೆ, ಕಾಯಿ ಒಡೆದೆ. ನೀವು ಕೀಲಿ ತಿರುಗಿಸಿದಿರಿ. ಕಾರು ಹೊರಟಿತು!

"ನಕ್ಷತ್ರ ಯಾವ್ದ್?" ಎಂದು ಕೇಳಿದೆ. ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಅತ್ತೆ ಹಿಂದಿನಿಂದ ಹೇಳಿದರು: "ಮೂಲ ಭಟ್ರೆ, ಮೂಲ! ಮದ್ವಿ ಹೊತ್ತಿಗೇ ನಾ ಬಡ್ಕಂಡಿದ್ದೆ, ಯಾರ್ ಕೇಂತ್ರ್?"

ಅವರ ಮುಖ ನೋಡಿದೆ. ಉತ್ತರ ಅಲ್ಲಿ ಸಿದ್ಧವಾಗಿತ್ತು. ವಾಹನಕ್ಕೂ ಓಡಿಸುವವರ ನಕ್ಷತ್ರಕ್ಕೂ ಹೊಂದಿಕೆ ಇಲ್ಲ ಎಂದೆ. ಮಂತ್ರಿಸಿದ ತಗಡಿನ ಯಂತ್ರವೊಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಬಾನೆಟ್ಟಿನೊಳಗೆ ಕಟ್ಟಿದೆ. ನಲವತ್ತೆಂಟು ದಿನದ ಒಂದು ಮಂಡಲ ಕಳೆಯುವವರೆಗೆ ಯಾವ ಮೆಕ್ಯಾನಿಕ್ಕಿನ ಕೈಯೂ ಅಲ್ಲಿ ತಾಗಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಅಲ್ಲಿಯವರೆಗೆ ನಾನು ಸುಳ್ಳುಗಾರನಲ್ಲ ವನಜಕ್ಕ, ಬರೀ ದಡ್ಡ. ನನ್ನ ಮಾತನ್ನು ನಾನೇ ನಂಬಿದ್ದೆ.

ಆಮೇಲೆ ಕಾರು ಚೆನ್ನಾಗಿಯೇ ಓಡಿತು. ಓಡದೆ ಏನು? ಬೈಂದೂರಿನ ಪೇಟೆ, ಉಪ್ಪುಂದದ ತವರು — ನೀವು ಹೋಗುತ್ತಿದ್ದದ್ದೇ ಅಷ್ಟು ದೂರ. ಇಂಜಿನ್ನಿಗೆ ಬಿಸಿಯಾಗುವಷ್ಟು ಪುರುಸೊತ್ತೇ ಇರಲಿಲ್ಲ. ನೀವು ಮಾತ್ರ ಕಂಡಕಂಡವರಿಗೆಲ್ಲ ಭಟ್ಟರ ಮಹಿಮೆ ಹೇಳಿದಿರಿ. ನನ್ನ ಜಗಲಿಯಲ್ಲಿ ಚಪ್ಪಲಿಗಳು ಹೆಚ್ಚಾದವು. ನನಗೆ ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

ಆಗ ನನಗೊಂದು ಫೋನ್ ಬಂತು. ನಿಮ್ಮಂಥದೇ ಕಾರು ನನ್ನದು — ನಿಮ್ಮದು ರಸ್ತೆಯಲ್ಲಿ ಓಡಾಡುವುದನ್ನು ಕಂಡು ಆಸೆಪಟ್ಟು ಮೊದಲೇ ಕೊಂಡದ್ದು. ಆ ಮಾದರಿಯ ಕಾರುಗಳನ್ನೆಲ್ಲ ಕಂಪನಿ ವಾಪಸು ಕರೆಯುತ್ತಿದೆ, ಇಂಜಿನ್ನಿನ ಒಂದು ಸೆನ್ಸರನ್ನು ಪರೀಕ್ಷಿಸಿ ಪುಕ್ಕಟೆ ಬದಲಾಯಿಸಿ ಕೊಡುತ್ತಾರೆ, ತಡಮಾಡಬೇಡಿ ಎಂದರು. ಮರುದಿನವೇ ಕುಂದಾಪುರಕ್ಕೆ ಹೋದೆ. ಹೊರಟದ್ದು ರಾಹುಕಾಲದಲ್ಲಿ. ಊರಿಗೆಲ್ಲ ರಾಹುಕಾಲ ಹೇಳುವವನು ಅವತ್ತು ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ — ಅದು ನಾನೇ.

ಶೋರೂಮಿನವನು ಹಳೆಯ ಸೆನ್ಸರನ್ನು ಕಳಚಿ ತೋರಿಸಿದ. "ಇದ್ ಬಿಸಿ ಆರೆ ಇಂಜಿನ್ ಓಡ್ತಾ ಇಪ್ಪ ಹೊತ್ತಿಗೇ ಬಂದ್ ಆತ್ತ್ ಭಟ್ರೆ. ಅರ್ಧ ಗಂಟೆ ತಣ್ಸಿರೆ ಎಂತ ಆಯ್ಲಿಲ್ಲ ಅಂಬಂಗೆ ಮತ್ತೆ ಸುರು ಆತ್ತ್. ಹೈವೇಲಿ ಹಿಂಗ್ ಆರೆ ದೇವ್ರೇ ಗತಿ."

ಅರ್ಧ ಗಂಟೆ. ಬಿಸಿಲಲ್ಲಿ ತೀರ್ಥ ತಳಿದು, ಆರತಿ ಎತ್ತಿ, ಕಾಯಿ ಒಡೆದು — ನನ್ನ ಪೂಜೆಗೆ ಹಿಡಿದದ್ದೂ ಅಷ್ಟೇ. ಕಾಗೆ ಕೂತಿತ್ತು, ಕೊಂಬೆ ಮುರಿದಿತ್ತು. ಕಾಗೆಗೆ ಜಂಬ ಬಂದಿತ್ತು, ಅಷ್ಟೆ.

ಅಲ್ಲಿಂದಲೇ ನಿಮಗೊಂದು ಫೋನ್ ಮಾಡಬೇಕಿತ್ತು. ಕಿಸೆಯಿಂದ ಮೊಬೈಲ್ ತೆಗೆದೂ ಇದ್ದೆ. ಏನೆಂದು ಹೇಳುವುದು — ನಕ್ಷತ್ರವಲ್ಲ, ಸೆನ್ಸರು ಎಂದೇ? ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರುವ ಮೊದಲು ನೀವೇ ಸದಾಶಿವಣ್ಣನ ಜತೆ ಬಂದಿರಿ.

ಅವತ್ತು ನನ್ನ ಜಗಲಿಯಲ್ಲಿ ಮುಂಬಯಿಯಲ್ಲಿ ಹೋಟೆಲು ನಡೆಸುವ ಗಂಡ ಹೆಂಡತಿ ಕೂತಿದ್ದರು. ನಿಮ್ಮ ಕಾರಿನ ಕಥೆ ಕೇಳಿಯೇ ಬಂದವರು. ನೀವು ಅವರೆದುರಿಗೇ ಕೇಳಿದಿರಿ:

"ಭಟ್ರೆ, ಶೋರೂಮ್ನರ್ ಫೋನ್ ಮಾಡಿರ್. ಎಂತದೋ ಸೆನ್ಸರ್ ಬದ್ಲ್ಸ್ಕ್ ಅಂಬ್ರ್. ಬಾನೆಟ್ ತೆಗಿಕಂಬ್ರ್. ಇವ್ರ್ ಕೊಂಡ್ಹೋಪ ಅಂತ್ರ್. ನೀವ್ ಮುಟ್ಟುಕಾಗ ಅಂದಿದ್ರಿ ಅಲ್ದಾ? ಎಂತ ಮಾಡುದ್?"

ಹೋಟೆಲಿನವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೋಗಿ ಎಂದರೆ — ಆ ಶೋರೂಮಿನವನು ನಿಮಗೂ ಅದೇ ಅರ್ಧ ಗಂಟೆಯ ಕಥೆ ಹೇಳುತ್ತಾನೆ. ನೀವು ಮುಚ್ಚಿಡುವವರಲ್ಲ. ನಾಲ್ಕು ದಿನದಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ನಗೆ. ನನಗೆ ಹೆದರಿಕೆಯಾಯಿತು. ನಿಮ್ಮ ಜೀವದ ಬಗ್ಗೆ ಅಲ್ಲ. ನನ್ನ ಮಾನದ ಬಗ್ಗೆ.

"ಈಗ ಬ್ಯಾಡ ವನಜಕ್ಕ," ಎಂದೆ. "ಮಂಡಲ ಮುಗಿಲಿ."

ಸದಾಶಿವಣ್ಣ ಏನೋ ಹೇಳಲು ಬಾಯಿ ತೆರೆದರು. ನೀವೇ ಅವರನ್ನು ಗದರಿಸಿದಿರಿ, "ಭಟ್ರ್ ಹೇಳ್ದಂಗೆ ಆಯ್ಲಿ" ಎಂದು. ಅವರು ನಕ್ಕು ಕಾರಿನ ಕಡೆ ನಡೆದರು. ಶೋರೂಮಿನಿಂದ ಮತ್ತೆ ಮತ್ತೆ ಫೋನ್ ಬಂತಂತೆ. ನೀವು ಪ್ರತಿಸಲವೂ ಆಮೇಲೆ ಬರುತ್ತೇವೆ ಎಂದಿರಂತೆ. ಮಂಡಲಕ್ಕೆ ಇನ್ನು ಕೆಲವೇ ದಿನ ಇತ್ತು. ನಾನು ದಿನ ಎಣಿಸುತ್ತಿದ್ದೆ, ನಂಬಿ. ಒಂದು ಸಲ ಮುಗಿದುಬಿಡಲಿ, ಆಮೇಲೆ ನಾನೇ ಕಳಿಸುತ್ತೇನೆ ಎಂದು. ನಿಮ್ಮ ಕಾರು ಗುಡಿಯೆದುರು ಹಾದು ಹೋಗುವಾಗೆಲ್ಲ ಗರ್ಭಗುಡಿಯಲ್ಲಿದ್ದರೂ ನನ್ನ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಶಬ್ದ ದೂರವಾಗುವವರೆಗೆ ಮಂತ್ರ ಮುಂದುವರಿಯುತ್ತಿರಲಿಲ್ಲ.

ಮಗಳು ಶ್ರುತಿಯನ್ನು ಬ್ರಹ್ಮಾವರದ ಹಾಸ್ಟೆಲಿಗೆ ಬಿಟ್ಟು ನೀವಿಬ್ಬರೂ ಹಿಂತಿರುಗಿದ ದಿನ — ಅಷ್ಟು ದೂರದ ಓಟ, ಅಂಥ ಸೆಕೆ. ಬಿಜೂರಿನ ಕಡೆ ತಿರುಗಲು ಡಿವೈಡರಿನ ಸಂದಿನಲ್ಲಿ ನಿಧಾನ ಮಾಡಿದಿರಿ. ಹೆದ್ದಾರಿಯ ಆಚೆ ಬದಿಯ ಮಧ್ಯಕ್ಕೆ ಬಂದಾಗ ಇಂಜಿನ್ ನಿಂತಿತು. ಎಡಗಡೆಯಿಂದ ಗಂಗೊಳ್ಳಿಗೆ ಮೀನು ತುಂಬಲು ಹೊರಟಿದ್ದ ಲಾರಿ. ಎಡಗಡೆ ಕೂತಿದ್ದವರು ಸದಾಶಿವಣ್ಣ.

ನೀವು ಆಸ್ಪತ್ರೆಯ ಮಂಚದಲ್ಲಿ ಒಂದೇ ಮಾತು ಹೇಳುತ್ತಿದ್ದಿರಂತೆ: "ನಾ ಎಂತದೂ ಮಾಡ್ಲಿಲ್ಲ, ಅದೇ ನಿಂತೋಯ್ತ್." ಯಾರೂ ನಂಬಲಿಲ್ಲ. ಹೆಂಗಸು, ಲಾರಿ ಕಂಡು ಹೆದರಿ ಕ್ಲಚ್ ಬಿಟ್ಟಿರಬೇಕು ಎಂದರು. ಅದನ್ನು ನನ್ನ ಜಗಲಿಯಲ್ಲೂ ಆಡಿಕೊಂಡರು. ನಾನು ಅವರಿಗೆ ಪ್ರಸಾದ ಕೊಟ್ಟು ಕಳಿಸಿದೆ. ಕಾರು ಗುಜರಿಗೆ ಹೋಯಿತು. ಅದರ ಜತೆಗೆ ಆ ಸೆನ್ಸರೂ.

ಇದಕ್ಕಿಂತ ದೊಡ್ಡ ಪಾಪ ಆಮೇಲಿನದು. ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ನೀವು ಕಾಯಿ ಹಿಡಿದುಕೊಂಡು ಬಂದಿರಿ. ನಿಮ್ಮ ನಕ್ಷತ್ರದ ತಪ್ಪಿಗೆ ದೇವರಲ್ಲಿ ಕ್ಷಮೆ ಕೇಳಬೇಕು ಎಂದಿರಿ. ನಾನು ಸಂಕಲ್ಪ ಹೇಳಿದೆ — ನನ್ನ ತಪ್ಪಿಗೆ ನಿಮ್ಮ ಹೆಸರಿನಲ್ಲಿ. ಹೊರಡುವಾಗ ಮೆಟ್ಟಿಲಲ್ಲಿ ನಿಂತು ಕೇಳಿದಿರಿ: "ನಂಗೊಂದ್ ಸಂಶಯ ಭಟ್ರೆ. ಆ ಸೆನ್ಸರ್ ಬದ್ಲ್ಸಿದ್ರೆ..."

ಎಷ್ಟು ಹತ್ತಿರ ಬಂದಿದ್ದಿರಿ! ಹೌದು ಎಂದರೆ ಸಾಕಿತ್ತು.

"ಅದೆಲ್ಲ ಸಣ್ಣ ವಿಷ್ಯ ವನಜಕ್ಕ," ಎಂದೆ. "ವಿಧಿ ತಪ್ಪುತ್ತಾ?"

ಅಂದಿನಿಂದ ನೀವು ಸ್ಟೇರಿಂಗ್ ಮುಟ್ಟಲಿಲ್ಲ. ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೀರಿ. ನಿಮ್ಮ ಅತ್ತೆ ಬಂದವರೆದುರೆಲ್ಲ "ಇವ್ಳ್ ನಕ್ಷತ್ರ ನನ್ ಮಗನ್ನ ತಿಂತ್" ಎನ್ನುತ್ತಾರೆ, ನೀವು ತಲೆ ತಗ್ಗಿಸಿ ಕಾಫಿ ತಂದಿಡುತ್ತೀರಿ. ನನ್ನೆದುರೂ ಇಟ್ಟಿದ್ದೀರಿ. ನಾನು ಕುಡಿದಿದ್ದೇನೆ.

ಮೊನ್ನೆ ಶ್ರುತಿಯನ್ನು ಕರೆದುಕೊಂಡು ಬಂದಿರಿ. ಈಗ ಅವಳು ಬ್ರಹ್ಮಾವರದಲ್ಲಿ ನರ್ಸು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ, ಕಾರು ಕಲಿಯುತ್ತಿದ್ದಾಳೆ. ಅಜ್ಜಿ ಬಿಡುವುದಿಲ್ಲ. "ಅವ್ಳದ್ದೂ ಮೂಲವೇ ಭಟ್ರೆ. ಬಿಡುದಾ, ಬ್ಯಾಡ್ದಾ? ನೀವ್ ಹೇಳ್ದಂಗೆ," ಎಂದಿರಿ. ನನ್ನ ಕೈ ತಾನಾಗಿ ಪಂಚಾಂಗದ ಕಡೆ ಹೋಯಿತು. ಅಭ್ಯಾಸ ಎಂಥ ದರಿದ್ರ ನೋಡಿ.

ಶ್ರುತಿ ಕೈಮುಗಿದಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಕಾರನ್ನೇ ನೋಡುತ್ತಿದ್ದಳು.

"ನಿಮ್ ಕಾರೂ ಅದೇ ಅಲ್ದಾ ಭಟ್ರೆ? ಅದ್ ಯಾವತ್ತಾರೂ ನಿಂತಿತ್ತಾ?"

"ಇಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಇಷ್ಟು ವರ್ಷ ಬಂದವರ ಮುಖ ಓದಿದ ಹಾಗೆ ಓದಿದಳು ಎನಿಸಿತು. ನಾಳಿದ್ದು ಹೇಳುತ್ತೇನೆ ಎಂದು ನಿಮ್ಮನ್ನು ಕಳಿಸಿಬಿಟ್ಟೆ.

ಆ ಹುಡುಗಿಗೆ ಹೆದರಿ ಬರೆಯುತ್ತಿದ್ದೇನೆಯೇ? ಇರಬಹುದು. ಒಳ್ಳೆಯವನಾಗಿ ಬರೆಯುತ್ತಿದ್ದೇನೆ ಎಂದು ಹೇಳುವ ಮುಖ ನನಗಿಲ್ಲ. ಆದರೆ ಈಗಲೂ ಬಾಯಿ ಮುಚ್ಚಿದರೆ, ತಾಯಿಯ ತಲೆಯ ಮೇಲೆ ಹೊರಿಸಿದ್ದನ್ನು ಮಗಳ ತಲೆಗೂ ಹೊರಿಸಿದಂತೆ. ನಾಳೆ ಅವಳಿಗೊಂದು ಸಂಬಂಧ ಬಂದರೆ, ನಿಮ್ಮ ಅತ್ತೆ ಅಲ್ಲಿಯೂ ಅದೇ ಮಾತು ಎತ್ತುತ್ತಾರೆ. ಅದರ ಬೀಜ ಬಿತ್ತಿದವನು ನಾನು.

ಶ್ರುತಿ ಕಾರು ಓಡಿಸಲಿ. ನೀವೂ ಓಡಿಸಿ. ಇದು ಪಂಚಾಂಗ ನೋಡಿ ಹೇಳುತ್ತಿರುವುದಲ್ಲ.

ಇದನ್ನು ಬರೆದು ಇವತ್ತು ಸಂಜೆಯೇ ನಿಮ್ಮ ಕೈಗೆ ಕಳಿಸಿ, ಮನೆಯಲ್ಲಿ ಬಾಗಿಲು ಹಾಕಿ ಕೂರುವುದು ಸುಲಭ. ಹಾಗೆ ಮಾಡುವುದಿಲ್ಲ. ನಾಳೆ ಬೆಳಿಗ್ಗೆ ಪೂಜೆ ಮುಗಿಸಿ ಬಿಜೂರಿಗೆ ಬರುತ್ತೇನೆ. ನಿಮ್ಮ ಅತ್ತೆಯನ್ನು ಚಾವಡಿಗೆ ಕರೆಯಿರಿ. ಮಗನನ್ನು ಕೊಂದವನು ಯಾರೆಂದು ಅವರಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಅಕ್ಕಪಕ್ಕದವರು ಇದ್ದರೆ ಇರಲಿ, ಇನ್ನೂ ಒಳ್ಳೆಯದು. ಒಂದೇ ಒಂದು ಮಾತು ನಡೆಸಿಕೊಡಿ ವನಜಕ್ಕ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವವರು ನೀವು. ನನಗೆ ಕೊಡಬೇಡಿ.