ಬೆಂಚುಗಳು ಮನೆಗೆ ಹೋದ ದಿನ

ನಾಲ್ಕು ಕಾಲಿನ ಬೆಂಚು ನಾಲ್ಕೂ ಕಾಲಿನ ಮೇಲೆ ನಿಂತಿದ್ದನ್ನು ನಾನು ಈವರೆಗೆ ಕಂಡಿಲ್ಲ. ಮೂರು ಕಾಲು ನೆಲಕ್ಕೆ ನಿಷ್ಠವಾಗಿದ್ದರೆ ನಾಲ್ಕನೆಯದು ಯಾವುದೋ ವೈರಾಗ್ಯದಲ್ಲಿ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ; ಕೂತವನು ತುಸು ಅಲ್ಲಾಡಿದರೆ ಟಕ್ಕೆಂದು ಕೆಳಗಿಳಿದು, ತನ್ನ ವೈರಾಗ್ಯವನ್ನು ಇನ್ನೊಂದು ಕಾಲಿಗೆ ದಾಟಿಸುತ್ತದೆ. ಮೊನ್ನೆ ನಮ್ಮೂರು ಚನ್ನಗಿರಿಗೆ ಹೋದಾಗ ಬಡಗಿ ಖಾದರನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೆ. ಖಾದರ ನನ್ನ ಸಹಪಾಠಿ. ಆ ಬೆಂಚೂ ಒಂದು ಲೆಕ್ಕದಲ್ಲಿ ಸಹಪಾಠಿಯೇ.

ನಮ್ಮೂರಲ್ಲಿ ಹಿಂದೆ ಒಂದು ಹೈಸ್ಕೂಲಿತ್ತು ಎಂದರೆ ಈಗ ಊರಿನವರೇ ನಂಬುವುದಿಲ್ಲ. ಅದು ಸರ್ಕಾರದ್ದಲ್ಲ, ಮಠದ್ದಲ್ಲ, ಮಿಷನ್ನಿನದೂ ಅಲ್ಲ. ಜಗಳೂರಿನ ಕಡೆಯಿಂದ ಬಂದಿದ್ದ ತಿಪ್ಪೇಸ್ವಾಮಿ ಮೇಷ್ಟ್ರು ಎಂಬ ಬಿ.ಎ. ಪಾಸಾದ ಒಬ್ಬ ಮನುಷ್ಯರ ಹಟದ್ದು. ಮಿಡ್ಲ್ ಸ್ಕೂಲು ಮುಗಿಸಿದ ಹುಡುಗರು ನೇರವಾಗಿ ಅಂಗಡಿಯ ಗಲ್ಲಾಕ್ಕೋ ನೇಗಿಲಿಗೋ ಹೋಗದೆ ಮೈಸೂರಿನ ಕಾಲೇಜಿನ ಬಾಗಿಲವರೆಗಾದರೂ ಹೋಗಲಿ ಎಂಬುದು ಆ ಹಟ. ಖಾಲಿ ಬಿದ್ದಿದ್ದ ಕಡಲೆಕಾಯಿ ಮಂಡಿಯೊಂದು ಬಾಡಿಗೆಗೆ ಸಿಕ್ಕಿತು. ಕೂರಲು ಮಾತ್ರ ಏನೂ ಇರಲಿಲ್ಲ. ಮೇಷ್ಟ್ರು ಮನೆಮನೆಗೆ ಹೋಗಿ, ಹುಡುಗನ ಜೊತೆಗೊಂದು ಬೆಂಚು ಕಳಿಸಿರಿ ಎಂದು ಬೇಡಿಕೊಂಡರು. ಹೀಗೆ ನಮ್ಮ ವಿದ್ಯಾಮಂದಿರದಲ್ಲಿ ಸರಸ್ವತಿಗಿಂತ ಮೊದಲು ಮರ ಪ್ರವೇಶಿಸಿತು.

ಬೆಂಚುಗಳೆಂದರೆ ಮನೆಗಳ ಜಾತಕ. ಸಾಹುಕಾರರ ಮಗನದಕ್ಕೆ ಬೆನ್ನೊರಗು, ಉಬ್ರಾಣಿಯಿಂದ ಬರುತ್ತಿದ್ದವನದು ಬರೀ ಹಲಗೆ. ನನ್ನದು ಎಷ್ಟು ಎತ್ತರವೆಂದರೆ ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಹುಡುಗ ಫೇಲಾದ ಮೇಲೆ ಅಂಗಡಿಯಲ್ಲಿ ಮೂಟೆ ಇಳಿಸುವುದಕ್ಕಾಗಲಿ ಎಂಬ ದೂರದೃಷ್ಟಿಯಿಂದ ನಮ್ಮ ದೊಡ್ಡಪ್ಪ ಅಳತೆ ಕೊಟ್ಟು ಮಾಡಿಸಿದ್ದರು. ಬಹುಪಾಲು ಬೆಂಚುಗಳನ್ನು ಮಾಡಿದವರು ಖಾದರನ ತಂದೆ ಹುಸೇನ್ ಸಾಬರು. ಖಾದರ ಬೆಳಿಗ್ಗೆ ಅವರೊಡನೆ ಮರಕ್ಕೆ ಹತ್ತರಿ ಹೊಡೆದು ನುಣುಪು ಮಾಡಿ, ಮೈಮೇಲಿನ ಹೊಟ್ಟು ಕೊಡವಿಕೊಂಡು ಸ್ಕೂಲಿಗೆ ಬರುತ್ತಿದ್ದ. ರೇಖಾಗಣಿತ ಅವನಿಗೆ ಕಲಿಸಿದ್ದಲ್ಲ, ಅವನಲ್ಲಿ ಮೊದಲೇ ಇತ್ತು. "ನಿಮ್ಮಲ್ಲಿ ಮೈಸೂರು ಮುಟ್ಟಾಂವ ಇದ್ರೆ ಇವನೊಬ್ಬನೇಯ" ಎಂದು ಮೇಷ್ಟ್ರು ನಮ್ಮನ್ನೆಲ್ಲ ಒಂದೇ ಏಟಿಗೆ ಹೊಡೆದುಹಾಕುತ್ತಿದ್ದರು. ನಮಗಾದರೆ ಶಿವಮೊಗ್ಗದಲ್ಲಿ ನೆಂಟರಿದ್ದರು, ಅಲ್ಲಿ ಓದಬಹುದಿತ್ತು. ಖಾದರನಿಗೆ ಈ ಮಂಡಿಯೊಂದೇ ದಾರಿ. ಅದಕ್ಕೂ ಸರ್ಕಾರದ ಮಾನ್ಯತೆ ಸಿಕ್ಕದಿದ್ದರೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಕಟ್ಟಡ, ಪಾಠ, ಪೀಠೋಪಕರಣ ಎಲ್ಲವನ್ನೂ ನೋಡಲು ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು.

ಆಗ ಸುದ್ದಿ ಹುಟ್ಟಿತು. ಎಲ್ಲಿ ಹುಟ್ಟಿತೋ ತಿಳಿಯದು. ನನಗೆ ನಮ್ಮ ದೊಡ್ಡಪ್ಪನ ಅಂಗಡಿಯ ಮೇಲೆ ಅನುಮಾನ, ಆದರೆ ನನ್ನ ನೆನಪಿಗೆ ಎಲ್ಲ ಅನುಮಾನವನ್ನೂ ದೊಡ್ಡಪ್ಪನ ತಲೆಗೆ ಕಟ್ಟುವ ಚಟವಿದೆ. ಮಾನ್ಯತೆ ಬಂದರೆ ಸ್ಕೂಲಿನೊಳಗಿನ ಸಾಮಾನೆಲ್ಲ ಸರ್ಕಾರದ್ದಾಗುತ್ತದೆ ಎಂಬುದು ಸುದ್ದಿ.

"ಹುಡುಗನ್ನ ಬೇಕಾದ್ರೆ ಸರ್ಕಾರಕ್ಕೆ ಕೊಡಾನ," ಎಂದರು ದೊಡ್ಡಪ್ಪ. "ಬೆಂಚು ಯಾಕೆ ಕೊಡಬೇಕು?"

ಇನ್ಸ್‌ಪೆಕ್ಟರು ಬರುವ ಬೆಳಿಗ್ಗೆ ಬೆಂಚುಗಳು ಮನೆಗೆ ಹೊರಟವು. ಕೆಲವು ತಲೆಯ ಮೇಲೆ, ಕೆಲವು ಹೆಗಲ ಮೇಲೆ, ಕತ್ತಲಗೆರೆಯವರದು ಗಾಡಿಯ ಮೇಲೆ ಕಾಲು ಮೇಲಾಗಿ. ಬಾಗಿಲಲ್ಲಿ ನಿಂತ ಮೇಷ್ಟ್ರು, "ಇವತ್ತೊಂದಿನ ಬಿಡ್ರಿ, ನಾಳೆ ನಾನೇ ಹೊತ್ಕಂಡ್ ಬರ್ತೀನಿ" ಎಂದು ಒಬ್ಬೊಬ್ಬರನ್ನೂ ಕೇಳಿಕೊಂಡರು. "ನಿಮ್ ಮ್ಯಾಲೆ ನಂಬಿಕೆ ಐತ್ರೀ ಮೇಷ್ಟ್ರೆ, ಸರ್ಕಾರದ ಮ್ಯಾಲಿಲ್ಲ" ಎಂದು ಗೌರವದಿಂದಲೇ ನುಡಿದು ಎಲ್ಲರೂ ಹೊತ್ತುಕೊಂಡು ಹೋದರು. ಯಾರಿಗೂ ಸ್ಕೂಲಿನ ಮೇಲೆ ದ್ವೇಷವಿರಲಿಲ್ಲ. ದ್ವೇಷವಿದ್ದಿದ್ದರೆ ಅದರೊಡನೆ ಜಗಳವಾದರೂ ಆಡಬಹುದಿತ್ತು.

ಸಗಣಿ ಸಾರಿಸಿದ ನೆಲದಲ್ಲಿ ಬೆಂಚಿನ ಕಾಲುಗಳ ಗುಳಿ ಉಳಿದಿದ್ದವು. ಮೇಷ್ಟ್ರು ನಮ್ಮನ್ನು ಆ ಗುಳಿಗಳ ನಡುವೆಯೇ ಸಾಲಾಗಿ ಕೂರಿಸಿದರು, ಗಾಳಿಯ ಬೆಂಚಿನ ಮೇಲೆ ಕೂರಿಸಿದಂತೆ. ಉಳಿದಿದ್ದುದು ಹುಸೇನ್ ಸಾಬರು ಮಗನಿಗೆಂದು ಮಾಡಿಕೊಟ್ಟ ಬೆಂಚು ಒಂದೇ, ಮೊನ್ನೆ ಅಂಗಡಿಯ ಮುಂದೆ ನಾನು ಕೂತಿದ್ದ ಅದೇ ಬೆಂಚು. ಅದರ ಮೇಲೆ ಇನ್ಸ್‌ಪೆಕ್ಟರು ಕೂತರು. ಖಾದರ ಎದ್ದು ನಿಂತು, ಅವರು ಕೇಳಿದ ಪ್ರಮೇಯಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಸಾಧಿಸಿದ. "ವಿದ್ಯಾರ್ಥಿ ಸಿಕ್ಕಿದ. ಸ್ಕೂಲು ಎಲ್ಲಿ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಈ ಮಾತನ್ನು ನಾನು ಎಷ್ಟೋ ಕಡೆ ಹೇಳಿ ಮೆಚ್ಚುಗೆ ಗಳಿಸಿದ್ದೇನೆ. ಮೊನ್ನೆ ಖಾದರನ ಮುಂದೆಯೂ ಹೇಳಿದೆ. ಅವನು ಉಳಿ ಕೆಳಗಿಟ್ಟು ನನ್ನನ್ನು ನೋಡಿದ.

"ಹಂಗೇನೂ ಅನ್ನಲಿಲ್ರೀ ಅವ್ರು. ಕಾಫಿ ಕುಡುದ್ರು, ಹೋದ್ರು. ಈ ಮಾತು ನೀವೇ ಕಟ್ಟಿದ್ದು."

ಇರಬಹುದು. ಏನೂ ಹೇಳದೆ ಕಾಫಿ ಕುಡಿದು ಹೋದರೆಂಬುದನ್ನು ಹೊತ್ತುಕೊಂಡಿರುವುದು ಕಷ್ಟವೆಂದು, ನನ್ನ ನೆನಪು ಅದಕ್ಕೊಂದು ಒಳ್ಳೆಯ ವಾಕ್ಯದ ಹಿಡಿ ಕೂರಿಸಿರಬೇಕು. ಮಾನ್ಯತೆ ಬರಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪಿದೆವು. ಮೇಷ್ಟ್ರು ಜಗಳೂರಿಗೆ ಮರಳಿದರು, ನಾನು ಶಿವಮೊಗ್ಗದ ನೆಂಟರ ಮನೆಗೆ, ಮಂಡಿ ಕಡಲೆಕಾಯಿಗೆ. ಅಂದು "ಲೇ" ಎನ್ನುತ್ತಿದ್ದ ಖಾದರ ಈಗ ನನಗೆ "ರೀ" ಎನ್ನುತ್ತಾನೆ. ಮೈಸೂರಿಗೆ ಹೋಗಿ ಬಂದವನು ನಾನು, ಪ್ರಮೇಯ ಬರುತ್ತಿದ್ದುದು ಅವನಿಗೆ.

ಅಂಗಡಿಯೊಳಗೆ ಹೊಸ ಬೆಂಚುಗಳು ಕಾಲು ಮೇಲಾಗಿ ಬಿದ್ದಿದ್ದವು. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಊರಿನವರು ಮತ್ತೆ ಒಂದು ಹೈಸ್ಕೂಲು ತೆರೆಯುತ್ತಾರಂತೆ. ಮತ್ತೆ ಮನೆಗೊಂದು ಬೆಂಚಂತೆ. ಖಾದರ ಪ್ರತಿಯೊಂದರ ಅಡಿಯಲ್ಲೂ ಕೊಟ್ಟವರ ಹೆಸರು ಕೆತ್ತುತ್ತಿದ್ದ.

"ದಾನಿಗಳ ಹೆಸರೋ?" ಎಂದೆ.

"ದಾನಾನಾ?" ಖಾದರ ನಕ್ಕ. "ವಾಪಸ್ ತರಾಕೆ ಗುರುತು ಬ್ಯಾಡ್ವೇನ್ರೀ?"

ನಾನೂ ನಕ್ಕೆ, ನಗದೆ ಮಾಡುವುದೇನು? ಈ ಸ್ಕೂಲೂ ಉಳಿಯುವುದಿಲ್ಲ. ಅದು ನನಗೆ ಗೊತ್ತು, ಹೆಸರು ಕೆತ್ತಿಸಿದವರಿಗೆ ಗೊತ್ತು, ಕೆತ್ತುವವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನ ಮಗನೂ ಸೇರುತ್ತಾನೆಂದು ಕೇಳಿದ್ದೆ. ಆ ಹುಡುಗನ ಬೆಂಚು ಯಾವುದೆಂದು ವಿಚಾರಿಸಿದೆ.

"ನೀವು ಕುಂತೀರಲ್ಲ, ಅದೇಯ. ಎದ್ರೆ ಈಗ್ಲೇ ಕಳಿಸ್ತೀನಿ."

ಎದ್ದೆ. ಬಗ್ಗಿ ಅಡಿಯಲ್ಲಿ ನೋಡಿದೆ, ಹೆಸರಿರಲಿಲ್ಲ. ನನ್ನ ಭಾರ ಕಳೆದುಕೊಂಡ ಬೆಂಚು ಟಕ್ಕೆಂದು ಒಂದು ಕಾಲು ಇಳಿಸಿ, ಇನ್ನೊಂದನ್ನು ಎತ್ತಿಕೊಂಡಿತು.