ಓಲ್ಡ್ ಬ್ರಿಡ್ಜ್‌ನಲ್ಲಿ ಕೆಲ್ಟರ ಸಂತೆ

ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಆ ಚಳಿಗಾಲದಲ್ಲಿ, ಮನುಕುಲದ ಕಷ್ಟಕ್ಕೆಲ್ಲ ಹಣವೇ ಮೂಲವೆಂದು ನಾನು ಮೂರೇ ನಿಮಿಷದಲ್ಲಿ ಸಾಧಿಸಿ ತೋರಿಸಬಲ್ಲವನಾಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವನಿಗೆ ಬೇಕಾದದ್ದು ಒಂದು ಉದಾಹರಣೆ ಮಾತ್ರ. ಅದು ಊರಿನ ಲೈಬ್ರರಿಯಲ್ಲಿ ಸಿಕ್ಕಿತು: ಯುರೋಪಿನ ಪ್ರಾಚೀನ ಕೆಲ್ಟರ ವ್ಯಾಪಾರವನ್ನು ಕುರಿತ ದಪ್ಪ ಪುಸ್ತಕ. ಬೆಟ್ಟದ ಗಣಿಯಲ್ಲಿ ಉಪ್ಪು ಅಗೆದು, ಅದನ್ನು ಕೊಟ್ಟು ದಕ್ಷಿಣದಿಂದ ದ್ರಾಕ್ಷಾರಸದ ಹೂಜಿಗಳನ್ನು ತರಿಸಿಕೊಂಡ ಜನ. ತವರ, ಕಬ್ಬಿಣ, ತೊಗಲು ಎಲ್ಲವೂ ಕೈಯಿಂದ ಕೈಗೆ. ನಡುವೆ ಬ್ಯಾಂಕಿಲ್ಲ, ಬಡ್ಡಿಯಿಲ್ಲ. ಒಂದು ಹೂಜಿ ದ್ರಾಕ್ಷಾರಸಕ್ಕೆ ಒಬ್ಬ ಗುಲಾಮನನ್ನೇ ಕೊಡುತ್ತಿದ್ದರೆಂಬ ಮಾತೂ ಅಲ್ಲಿತ್ತು. ಅದನ್ನು ಅಪವಾದವೆಂದು ಬದಿಗಿಟ್ಟೆ.

ನ್ಯೂಯಾರ್ಕಿಗೆ ಹತ್ತಿರದ ಊರಾದ ಓಲ್ಡ್ ಬ್ರಿಡ್ಜ್‌ನ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಕಳೆದುಕೊಂಡ ಕನ್ನಡಿಗರಿಗೆ ಕೊರತೆಯಿರಲಿಲ್ಲ. ಶನಿವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ವಿನಿಮಯದ ಸಂತೆ, ಡಾಲರಿಗೆ ಪ್ರವೇಶವಿಲ್ಲ ಎಂದು ಎಲ್ಲರಿಗೂ ಈಮೇಲ್ ಕಳಿಸಿದೆ. ಮೇಲಿನ ಮನೆಯ ಧಾರವಾಡದ ಗೃಹಿಣಿಯನ್ನು ಮಾತ್ರ ಖುದ್ದಾಗಿ ಕರೆಯಲು ಹೋದೆ. ನ್ಯೂಯಾರ್ಕಿನಲ್ಲಿ ಗಂಡನ ಕೆಲಸ ಹೋದಂದಿನಿಂದ ಆಕೆ ಪ್ರತಿ ಶನಿವಾರ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು.

“ಸೋಮವಾರ ಹೀಟಿಂಗ್ ಬಿಲ್ ಕಟ್ಟಬೇಕ್ರಿ ಅಣ್ಣಾರ. ಈ ವಾರದ ರೊಟ್ಟಿ ರೊಕ್ಕ ಅದಕ್ಕಂತನ ಇಟ್ಟೇವಿ,” ಎಂದರು.

“ನೀವು ನಮ್ಮ ಸಂತೆಯ ಉಪ್ಪಿನ ಗಣಿ ಇದ್ದ ಹಾಗೆ. ನೀವಿಲ್ಲದೆ ನಡೆಯೋದೇ ಇಲ್ಲ,” ಎಂದೆ.

ಆಕೆ ಹಿಟ್ಟಿನ ಡಬ್ಬಿ ತೆರೆದು ಎಷ್ಟು ಉಳಿದಿದೆಯೆಂದು ನೋಡಿದರು. ಅದನ್ನು ನಾನು ಒಪ್ಪಿಗೆಯೆಂದು ಪರಿಗಣಿಸಿದೆ.

ಶನಿವಾರ ಆಕೆ ನೂರು ರೊಟ್ಟಿ ತಂದರು. ಉಳಿದವರು ಲ್ಯಾಪ್‌ಟಾಪ್ ತಂದರು. ಕೆಲ್ಟರಲ್ಲಿ ಕಮ್ಮಾರನಿದ್ದ, ಗಣಿಗಾರನಿದ್ದ, ದೋಣಿಯವನಿದ್ದ. ನಮ್ಮಲ್ಲಿ ಪ್ರಾಜೆಕ್ಟ್ ಮ್ಯಾನೇಜರುಗಳಿದ್ದರು. ಪ್ರತಿಯೊಬ್ಬರೂ ಇನ್ನೊಬ್ಬರ ರೆಸ್ಯೂಮೆ ತಿದ್ದಿಕೊಡಲು ಸಿದ್ಧರಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ರೊಟ್ಟಿ. ಮಧ್ಯಾಹ್ನದ ಹೊತ್ತಿಗೆ ಅರ್ಧ ಖಾಲಿಯಾಗಿತ್ತು.

“ನಮ್ಮನಿಯವರ ರೆಸ್ಯೂಮೆ ಐದ್ ಮಂದಿ ತಿದ್ದ್ಯಾರ್ರಿ,” ಎಂದರು ಆಕೆ. “ಐದೂ ಮಂದಿ ಕೆಲಸಾ ಕಳಕೊಂಡಾವ್ರ! ಹೀಟಿಂಗ್ ಕಂಪನಿಯವ್ರಿಗೂ ಒಂದ್ ರೆಸ್ಯೂಮೆ ತಿದ್ದಿ ಕಳಸ್ಲೇನ್ರಿ?”

“ಹೊಸ ವ್ಯವಸ್ಥೆ ಅಂದ್ಮೇಲೆ ಸ್ವಲ್ಪ ಕಾಲ ಹಿಡಿಯುತ್ತೆ. ಈಗ ಕೆಲ್ಟರನ್ನೇ ತಗೊಳ್ಳಿ...”

ಮೇಜಿನ ಮೇಲಿಟ್ಟಿದ್ದ ನನ್ನ ಪುಸ್ತಕವನ್ನು ಆಕೆಯ ಗಂಡ ತಿರುವಿಹಾಕುತ್ತಿದ್ದರು. “ಸರ, ಇಲ್ ನೋಡ್ರಿ. ನಿಮ್ಮ ಕೆಲ್ಟರು ಬಂಗಾರದ ನಾಣ್ಯ ಹೊಡಸ್ಯಾರಲ್ಲ! ಗ್ರೀಕರದು ನೋಡಿ ಕಾಪಿ ಮಾಡ್ಯಾರಂತ. ಇಡೀ ಒಂದ್ ಚಾಪ್ಟರ್ ಐತಿ.”

ಆ ಅಧ್ಯಾಯವನ್ನು ನಾನು ಓದಿರಲಿಲ್ಲ. ಎದುರಾಳಿಗೆ ಅನುಕೂಲವಾಗುವ ಪುಟಗಳನ್ನು ಎದುರಾಳಿಯೇ ಹುಡುಕಿಕೊಳ್ಳಲಿ ಎಂಬುದು ಚರ್ಚಾಪಟುಗಳ ಶಿಸ್ತು.

ನನ್ನ ಸಮಜಾಯಿಷಿಗೆ ಆಕೆ ಕಾಯಲಿಲ್ಲ. ಉಳಿದ ರೊಟ್ಟಿ ಎತ್ತಿಕೊಂಡು ಪಾರ್ಕಿಂಗ್ ಲಾಟಿಗೆ ನಡೆದು, ಕಾರಿನ ಡಿಕ್ಕಿ ತೆರೆದು, “ಒಂದಕ್ಕ ಒಂದ್ ಡಾಲರ್!” ಎಂದು ಕೂಗಿದರು. ಐದು ನಿಮಿಷದಲ್ಲಿ ನನ್ನ ಇಡೀ ಸಂತೆ ಹೊರಗೆ ಹಿಮದಲ್ಲಿ ಸಾಲುಗಟ್ಟಿ ನಿಂತಿತ್ತು. ನಿಷೇಧಿತ ವಸ್ತು ಎಲ್ಲರ ಜೇಬಿನಲ್ಲೂ ಇತ್ತು.

ತತ್ವದ ಬಗ್ಗೆ ಎರಡು ಮಾತು ಆಡಬೇಕೆಂದು ನಾನೂ ಹೊರಬಂದೆ.

“ಅಣ್ಣಾರ, ಸುಮ್ನ ಯಾಕ ನಿಂತೀರಿ? ಇವ್ರೆಲ್ಲಾ ಇಪ್ಪತ್ತರ ನೋಟ್ ಹಿಡಕೊಂಡ್ ಬಂದಾರ. ಲಾಂಡ್ರಿ ರೂಮಿನ್ಯಾಗ ನೋಟಿಗೆ ಚಿಲ್ಲರ ಕೊಡೋ ಮಷೀನ್ ಐತಲ್ಲ, ತಗೊಂಬರ್ರಿ. ಲಗೂ!”

ಹಣವನ್ನು ರದ್ದುಪಡಿಸಲು ಹೊರಟಿದ್ದ ನಾನು ಮೂರು ಸಲ ಓಡಿದೆ. ಕೋಟಿನ ಎರಡೂ ಜೇಬುಗಳ ತುಂಬ ಕಾಲು ಡಾಲರಿನ ಕ್ವಾರ್ಟರ್ ನಾಣ್ಯ ಹೊತ್ತು ತಂದೆ. ರೊಟ್ಟಿ ತೀರಿದ ಮೇಲೆ, ಬಿಲ್ಲಿಗೆ ಸಾಕಾಯಿತೇ ಎಂದು ಕೇಳಿದೆ. ಆಗ ನನ್ನ ದನಿ ಚರ್ಚಾವೇದಿಕೆಯದಾಗಿರಲಿಲ್ಲ.

“ಅರ್ಧಾ ಕೂಡೇತಿ. ಉಳಿದದ್ದಕ್ಕ ಫೋನ್ ಮಾಡಿ ಒಂದ್ ವಾರ ಟೈಮ್ ಕೇಳತೀವಿ. ಬರೋ ಶನಿವಾರ ಆಗತೈತಿ ಬಿಡ್ರಿ.” ಆಕೆ ಡಿಕ್ಕಿ ಮುಚ್ಚಿದರು. “ನೀವೊಂದ್ ಸಂತಿ ಮಾಡಬ್ಯಾಡ್ರಿ, ಅಷ್ಟ.”